ಮುಟ್ಟು ನಿಲ್ಲುತ್ತದೆ, ದುಡಿಮೆ ನಿಲ್ಲುವುದಿಲ್ಲ

ನಮ್ಮ ದೇಶದ ಹೆಣ್ಣುಮಕ್ಕಳಿಗೆ ಸರಾಸರಿ 46-47ನೇ ವಯಸ್ಸಿನ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದು 51ರ ಸುಮಾರಿಗೆ. ಕರ್ನಾಟಕದ ಸರ್ಕಾರಿ ನೌಕರರು ನಿವೃತ್ತರಾಗುವುದು 60ಕ್ಕೆ. ಲೆಕ್ಕ ಹಾಕಿ ನೋಡಿ. ಸರ್ಕಾರಿ ಕೆಲಸದಲ್ಲಿರುವ ಹೆಣ್ಣುಮಗಳೊಬ್ಬಳು ಮುಟ್ಟು ನಿಂತ ಮೇಲೂ ಸುಮಾರು 13 ವರ್ಷ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕು. ನಿಲ್ಲುವ ಮುಂಚಿನ ನಾಲ್ಕೈದು ವರ್ಷಗಳ ಏರುಪೇರನ್ನೂ ಇದಕ್ಕೆ ಸೇರಿಸಿದರೆ ಆಕೆಯ ಸೇವಾವಧಿಯ ಹೆಚ್ಚುಕಡಿಮೆ ಅರ್ಧ ಭಾಗ ಈ ಬದಲಾವಣೆಯ ಜೊತೆಯಲ್ಲೇ ಸಾಗುತ್ತದೆ.

ಇಷ್ಟು ದೀರ್ಘ ಕಾಲದ ಬಗ್ಗೆ ನಮ್ಮ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಕಾರ್ಖಾನೆಗಳಲ್ಲಿ ಒಂದು ಮಾತೂ ಇಲ್ಲ. ಹೆರಿಗೆಗೆ 1961ರಲ್ಲೇ ಕಾಯ್ದೆ ಬಂತು. 2017ರಲ್ಲಿ ಹೆರಿಗೆ ರಜೆ 26 ವಾರಗಳಿಗೆ ಏರಿತು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಕಾನೂನು ಆಯಿತು. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಮರುತಿಂಗಳು ಆದೇಶವೂ ಹೊರಬಿತ್ತು. ಅದನ್ನು ಪ್ರಶ್ನಿಸಿದವರು ಹೈಕೋರ್ಟಿನ ಮೆಟ್ಟಿಲೂ ಏರಿದರು. ಆ ಆದೇಶದಲ್ಲಿ ವಯಸ್ಸಿನ ಮಿತಿ 18ರಿಂದ 52. ಮುಟ್ಟು ಇರುವ ತನಕ ರಜೆ ಎಂಬುದು ಅದರ ತರ್ಕ. ಮುಟ್ಟು ನಿಲ್ಲುವ ಕಷ್ಟ ಅದರಲ್ಲಿ ಲೆಕ್ಕಕ್ಕೆ ಬಂದಿಲ್ಲ.

ಮೂವತ್ತು ವರ್ಷದ ಹತ್ತಿರ ಹತ್ತಿರ ವಿಜ್ಞಾನ ಪಾಠ ಮಾಡಿದವನು ನಾನು. ಪ್ರೌಢಶಾಲೆಯ ಪಾಠಗಳಲ್ಲಿ ಮುಟ್ಟು ಆರಂಭವಾಗುವುದಕ್ಕೆ ಚಿತ್ರಸಹಿತ ವಿವರಣೆ ಇರುತ್ತದೆ. ಅದು ನಿಲ್ಲುವುದಕ್ಕೆ ಸಿಗುವುದು ಒಂದೆರಡು ವಾಕ್ಯ ಮಾತ್ರ. ಪಾಠ ಹೇಳುವ ಶಿಕ್ಷಕಿಯೇ ಆ ಹೊತ್ತಿನಲ್ಲಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿರಬಹುದು. ಮಕ್ಕಳಿಗೆ ಅದು ತಿಳಿಯುವುದಿಲ್ಲ, ಎಷ್ಟೋ ಸಲ ಮುಖ್ಯೋಪಾಧ್ಯಾಯರಿಗೂ ತಿಳಿಯುವುದಿಲ್ಲ.

ಒಳಗೆ ಏನಾಗುತ್ತದೆ?

ಹೆಣ್ಣುಮಗು ಹುಟ್ಟುವಾಗಲೇ ಅದರ ಎರಡು ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದಷ್ಟು ಅಂಡಕೋಶಗಳ ದಾಸ್ತಾನು ಇರುತ್ತದೆ. ಮೈನೆರೆಯುವ ಹೊತ್ತಿಗೆ ಅದು ಮೂರ್ನಾಲ್ಕು ಲಕ್ಷಕ್ಕೆ ಇಳಿದಿರುತ್ತದೆ. ಇವುಗಳಲ್ಲಿ ಪೂರ್ತಿ ಬಲಿತು ಹೊರಬರುವುದು ಜೀವಮಾನದಲ್ಲಿ ಸುಮಾರು ನಾನೂರು ಮಾತ್ರ. ಉಳಿದವು ತಮ್ಮಷ್ಟಕ್ಕೆ ಸೊರಗಿ ಹೋಗುತ್ತವೆ. ನಲವತ್ತು ದಾಟುತ್ತಿದ್ದಂತೆ ಕಣಜ ಬರಿದಾಗುತ್ತಾ ಬರುತ್ತದೆ. ಅಂಡಾಶಯ ತಯಾರಿಸುವ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳ ಪ್ರಮಾಣ ಒಂದು ತಿಂಗಳು ಏರುತ್ತದೆ, ಇನ್ನೊಂದು ತಿಂಗಳು ಇಳಿಯುತ್ತದೆ. ಕೊನೆಗೆ ಪೂರ್ತಿ ತಗ್ಗುತ್ತದೆ. ಸತತ 12 ತಿಂಗಳು ಮುಟ್ಟು ಕಾಣಿಸದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ಇದು ಕಾಯಿಲೆಯಲ್ಲ. ಹದಿಹರೆಯದಂತೆ ಇದೂ ಒಂದು ಘಟ್ಟ.

ಈಸ್ಟ್ರೋಜನ್ ಗರ್ಭಕೋಶದ ಕೆಲಸಕ್ಕಷ್ಟೇ ಮೀಸಲಾದ ವಸ್ತುವಲ್ಲ. ಮೂಳೆ, ರಕ್ತನಾಳ, ಮೂತ್ರಕೋಶ, ಚರ್ಮ, ಮಿದುಳು ಎಲ್ಲ ಕಡೆ ಅದಕ್ಕೆ ಪಾತ್ರವಿದೆ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗ ಮೈಯ ಉಷ್ಣತೆಯನ್ನು ಹದದಲ್ಲಿಡುತ್ತದೆ. ಇಸ್ತ್ರಿ ಪೆಟ್ಟಿಗೆಯೊಳಗಿನ ಥರ್ಮೋಸ್ಟಾಟ್ ಇದ್ದಂತೆ ಅದು. ಸಾಮಾನ್ಯವಾಗಿ ಉಷ್ಣತೆ ಚೂರುಪಾರು ಏರಿಳಿದರೆ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಈಸ್ಟ್ರೋಜನ್ ಕಡಿಮೆಯಾದಾಗ ಮಾತ್ರ ಈ ಥರ್ಮೋಸ್ಟಾಟ್ ಅತಿ ಸೂಕ್ಷ್ಮವಾಗುತ್ತದೆ. ಅಲ್ಪ ಬಿಸಿಗೂ 'ಮೈ ಕಾದಿದೆ' ಎಂದು ಗಂಟೆ ಬಾರಿಸುತ್ತದೆ. ಕೂಡಲೇ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಎದೆ ಬಡಿತ ಹೆಚ್ಚುತ್ತದೆ, ಮುಖ ಕತ್ತು ಕೆಂಪೇರಿ ಬೆವರು ಕಿತ್ತು ಬರುತ್ತದೆ. ಬೆವರು ಆರುವಾಗ ಚಳಿ ಹುಟ್ಟುತ್ತದೆ. ಒಂದರಿಂದ ಐದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ವೈದ್ಯರು ಇದನ್ನೇ ಹಾಟ್ ಫ್ಲಶ್ ಎನ್ನುವುದು. ನಮ್ಮ ಹೆಂಗಸರು 'ಒಲೆ ಮುಂದೆ ಕೂತ ಹಾಗೆ ಝಳ ಹೊಡೆಯುತ್ತೆ' ಎನ್ನುತ್ತಾರೆ. ಎರಡನೆಯದೇ ಹೆಚ್ಚು ಸರಿಯಾದ ವರ್ಣನೆ.

ಇದೇ ಝಳ ರಾತ್ರಿ ಬಂದರೆ ನಿದ್ದೆ ಕೆಡುತ್ತದೆ. ವಾರಗಟ್ಟಲೆ ನಿದ್ದೆ ಕೆಟ್ಟವರಿಗೆ ಮರುದಿನ ಮರೆವು, ಸಿಡುಕು, ಸುಸ್ತು ಬಾರದಿದ್ದರೆ ಅದೇ ಆಶ್ಚರ್ಯ. ಇವುಗಳ ಜೊತೆಗೆ ಕೀಲು ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಮೂತ್ರದ ಸೋಂಕು. ನಿಲ್ಲುವ ಮುಂಚಿನ ವರ್ಷಗಳಲ್ಲಿ ಕೆಲವರಿಗೆ ಎರಡು ತಿಂಗಳು ಮುಟ್ಟೇ ಇಲ್ಲ, ಮೂರನೇ ತಿಂಗಳು ಹತ್ತು ದಿನ ಬಿಡದ ಸ್ರಾವ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದ ಪ್ರಕಾರ ಝಳದ ಕಾಟ ಅನುಭವಿಸುವವರಲ್ಲಿ ಅದು ಸುಮಾರು ಏಳು ವರ್ಷ ಮುಂದುವರಿಯಬಹುದು. ಎಲ್ಲರಿಗೂ ಹೀಗೇ ಆಗುತ್ತದೆಂದು ತಿಳಿಯಬೇಕಾಗಿಲ್ಲ. ಏನೂ ತೊಂದರೆ ಇಲ್ಲದೆ ಈ ಘಟ್ಟ ದಾಟುವವರೂ ಬಹಳ. 'ಅಬ್ಬ, ಆ ರಗಳೆ ಕಳೆಯಿತು' ಎಂದು ನೆಮ್ಮದಿ ಪಡುವವರೂ ಉಂಟು.

ಕೆಲಸದ ಜಾಗದಲ್ಲಿ ಏನು ಕಷ್ಟ?

ಮನೆಯಲ್ಲಾದರೆ ಝಳ ಬಂದಾಗ ಕಿಟಕಿ ತೆರೆಯಬಹುದು, ಮುಖಕ್ಕೆ ತಣ್ಣೀರು ಹಾಕಿಕೊಳ್ಳಬಹುದು, ಐದು ನಿಮಿಷ ಕೂರಬಹುದು. ಕೆಲಸದ ಜಾಗದಲ್ಲಿ ಈ ಮೂರಕ್ಕೂ ಅಪ್ಪಣೆ ಬೇಕು.

ನಮ್ಮ ದೇಶದ ಶಾಲಾ ಶಿಕ್ಷಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈಗ ಮಹಿಳೆಯರೇ. ಶೀಟಿನ ಛಾವಣಿಯ ಕೊಠಡಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಐವತ್ತು ಮಕ್ಕಳ ಮುಂದೆ ನಿಂತ ಶಿಕ್ಷಕಿ ತರಗತಿ ಬಿಟ್ಟು ಹೊರಗೆ ಬರುವಂತಿಲ್ಲ. ಶೌಚಾಲಯ ಒಂದೇ ಇದ್ದು ಅದಕ್ಕೆ ಮಕ್ಕಳ ಸಾಲು ನಿಂತಿದ್ದರೆ ಆಕೆ ಮಾಡುವ ಉಪಾಯ ಒಂದೇ, ನೀರು ಕುಡಿಯದಿರುವುದು. ಮೂತ್ರದ ಸೋಂಕಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಬೇಕೆ? 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಶಿಕ್ಷಕ ಶಿಕ್ಷಕಿಯರು ಮನೆ ಮನೆ ಸುತ್ತಿದರು. ಗುರುತಿಲ್ಲದ ಬೀದಿಯಲ್ಲಿ 50ರ ಹೆಣ್ಣುಮಗಳು ಬಹಿರ್ದೆಸೆಗೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಅಂಥ ಕೆಲಸಗಳ ಸುತ್ತೋಲೆಗಳಲ್ಲಿ ಬರುವುದಿಲ್ಲ.

ಅದೇ ಶಾಲೆಯ ಅಡುಗೆ ಮನೆಗೆ ಬನ್ನಿ. ಬಿಸಿಯೂಟ ಬೇಯಿಸುವ ತಾಯಂದಿರಲ್ಲಿ ಬಹಳ ಮಂದಿ ನಲವತ್ತು ದಾಟಿದವರು. ಒಳಗಿನಿಂದ ಒಂದು ಉರಿ, ಹೊರಗಿನಿಂದ ಒಲೆಯ ಉರಿ. ಅನ್ನದ ದೊಡ್ಡ ಪಾತ್ರೆ ಇಳಿಸುವ ಹೊತ್ತಿಗೆ ತಲೆ ಸುತ್ತಿದರೆ ಅದು ಬರಿಯ ಮುಜುಗರದ ಮಾತಲ್ಲ, ಅಪಘಾತದ ಮಾತು. ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಒಂದು ದಿನ ಬರಲಾಗದಿದ್ದರೆ ಎಷ್ಟೋ ಕಡೆ ಬದಲಿ ಆಳನ್ನು ತಾವೇ ಹುಡುಕಿ ಕಳಿಸಬೇಕು.

ಬಸ್ ಕಂಡಕ್ಟರ್ ಮಹಿಳೆಯ ಪಾಡು ಇನ್ನೊಂದು ಬಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಬಸ್ಸುಗಳಲ್ಲಿ ನೂಕುನುಗ್ಗಲು ಹೆಚ್ಚಿತು. ಆ ಜನಜಂಗುಳಿಯ ನಡುವೆ ಟಿಕೆಟ್ ಹರಿಯುತ್ತಾ ನಿಂತ ಕಂಡಕ್ಟರಮ್ಮನಿಗೆ ಮುಂದಿನ ನಿಲ್ದಾಣದ ಶೌಚಾಲಯ ಹೇಗಿದೆಯೋ ಎಂಬ ಯೋಚನೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಗಂಟೆಗೆ ಇಷ್ಟು ಪೀಸು ಎಂಬ ಗುರಿ. ಹೊಲಿಗೆ ಯಂತ್ರ ಬಿಟ್ಟು ಎದ್ದರೆ ಸಾಲಿನಲ್ಲಿ ಕೆಲಸ ನಿಲ್ಲುತ್ತದೆ, ಸೂಪರ್‌ವೈಸರ್ ಮುಖ ಗಂಟಿಕ್ಕುತ್ತಾನೆ. ನಲವತ್ತೈದು ದಾಟಿದ ಹೆಣ್ಣುಮಗಳು 'ಕೈ ನಿಧಾನವಾಯಿತು' ಎಂಬ ಮಾತಿಗೆ ಹೆದರಿಯೇ ದಿನ ದೂಡುತ್ತಾಳೆ.

ಹೇಳಿಕೊಳ್ಳಲಾಗದ ಕಾರಣ

ನನಗೆ ಪರಿಚಯವಿರುವ ಗಣಿತ ಶಿಕ್ಷಕಿಯೊಬ್ಬರ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ಇಪ್ಪತ್ತನಾಲ್ಕು ವರ್ಷ ಒಂದೇ ಸಮನೆ ಪಾಠ ಮಾಡಿದವರು, ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾರಿಗೂ ಕಡಿಮೆಯಿಲ್ಲದವರು. 48ನೇ ವಯಸ್ಸಿನ ಹೊತ್ತಿಗೆ ಬೋರ್ಡಿನ ಮುಂದೆ ನಿಂತಾಗ ಬಾಯಿಗೆ ಬರಬೇಕಾದ ಪದ ಬಾರದಾಯಿತು. ನೂರಾರು ಸಲ ಬರೆದ ಸೂತ್ರ ಅರ್ಧದಲ್ಲಿ ತಪ್ಪಿಹೋಗುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ತನಗೆ ಮರೆಗುಳಿ ಕಾಯಿಲೆ ಶುರುವಾಯಿತೆಂದೇ ಅವರು ತಿಳಿದರು. ಜೊತೆಗೆ ವಿಪರೀತ ಸ್ರಾವ. ತಿಳಿ ಬಣ್ಣದ ಸೀರೆ ಉಡುವುದನ್ನೇ ಬಿಟ್ಟರು. ಬ್ಯಾಗಿನಲ್ಲಿ ಇನ್ನೊಂದು ಸೀರೆ ಮಡಿಸಿಟ್ಟುಕೊಂಡು ಬರುತ್ತಿದ್ದರು. ಶಾಲೆಯ ಮಹಡಿ ಹತ್ತಿದರೆ ಏದುಸಿರು.

ಸ್ಟಾಫ್ ರೂಮಿನಲ್ಲಿ ಮಾತು ಬೇರೆ ದಾರಿ ಹಿಡಿಯಿತು. 'ಮೇಡಂ ಈಚೆಗೆ ಸಿಡಿಮಿಡಿ ಜಾಸ್ತಿ', 'ಪಾಠದಲ್ಲಿ ಮನಸ್ಸಿಲ್ಲ', 'ಮನೆ ಕಡೆ ಏನೋ ಇರಬೇಕು.' ಅವರ ರಜೆ ಅರ್ಜಿಗಳಲ್ಲಿ ಯಾವಾಗಲೂ 'ತಲೆನೋವಿನ ನಿಮಿತ್ತ' ಎಂದಿರುತ್ತಿತ್ತು. ನಿಜವಾದ ಕಾರಣ ಬರೆಯಲು ಅರ್ಜಿ ನೋಡುವವರು ಗಂಡಸರು. ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂದಾಗ ಅದು ಬೇಡವೆಂದು ಬರೆದುಕೊಟ್ಟರು. ಕೆಲವು ತಿಂಗಳಾದ ಮೇಲೆ ಸ್ವಯಂ ನಿವೃತ್ತಿಯ ಅರ್ಜಿ ಬರೆದು ಬ್ಯಾಗಿನಲ್ಲಿಟ್ಟುಕೊಂಡರು.

ಆ ಅರ್ಜಿ ಕೊಡುವ ಮುನ್ನ, ತಂಗಿಯ ಬಲವಂತಕ್ಕೆ ತಾಲ್ಲೂಕು ಆಸ್ಪತ್ರೆಗೆ ಹೋದರು. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. 12 ಇರಬೇಕಾದ ಕಡೆ 7. ಏದುಸಿರಿಗೆ, ಮಂಕಿಗೆ ಅರ್ಧ ಕಾರಣ ಅಲ್ಲೇ ಸಿಕ್ಕಿತು. ವೈದ್ಯೆ ಸ್ಕ್ಯಾನ್ ಮಾಡಿಸಿದರು, ಸ್ರಾವ ಹತೋಟಿಗೆ ತರುವ ಔಷಧ ಕೊಟ್ಟರು, ಕಬ್ಬಿಣಾಂಶ ಏರಿಸಿದರು. 'ಇದು ಮರೆಗುಳಿ ಕಾಯಿಲೆ ಅಲ್ಲಮ್ಮ, ನಿದ್ದೆ ಇಲ್ಲ, ರಕ್ತ ಇಲ್ಲ, ಮುಟ್ಟು ನಿಲ್ಲೋ ಕಾಲ' ಎಂದು ವೈದ್ಯೆ ಹೇಳಿದ ಆ ಒಂದು ಮಾತೇ ಅರ್ಧ ಔಷಧವಾಯಿತಂತೆ.

ಉಳಿದರ್ಧ ಶಾಲೆಯಲ್ಲಿ ಆಯಿತು. ಹಿರಿಯ ಸಹಶಿಕ್ಷಕಿಯೊಬ್ಬರು ವೇಳಾಪಟ್ಟಿಯನ್ನು ತಿದ್ದಿ ಅವರ ತರಗತಿಗಳನ್ನು ಕೆಳಗಿನ ಅಂತಸ್ತಿಗೆ, ಬೆಳಗಿನ ಹೊತ್ತಿಗೆ ತಂದರು. ಶಿಕ್ಷಕಿಯರ ಶೌಚಾಲಯದ ಬೀಗದ ಕೈ ಕಚೇರಿಯ ಗುಮಾಸ್ತರ ಮೇಜಿನಲ್ಲಿರುತ್ತಿತ್ತು. ಅದನ್ನು ಸ್ಟಾಫ್ ರೂಮಿನ ಗೋಡೆಯ ಮೊಳೆಗೆ ತಂದು ಹಾಕಿದರು. ಖರ್ಚು ಏನೂ ಇಲ್ಲ. ಆ ಶಿಕ್ಷಕಿ ಇವತ್ತಿಗೂ ಪಾಠ ಮಾಡುತ್ತಿದ್ದಾರೆ. ಬಿಟ್ಟ ಬಡ್ತಿ ಮಾತ್ರ ಮತ್ತೆ ಬರಲಿಲ್ಲ.

ಹೀಗೆ ಬಿಟ್ಟುಹೋದ ಬಡ್ತಿಗಳು, ಬ್ಯಾಗಿನಲ್ಲೇ ಉಳಿದ ಅಥವಾ ಮೇಜಿಗೆ ಬಂದೇ ಬಿಟ್ಟ ನಿವೃತ್ತಿ ಅರ್ಜಿಗಳು ಎಷ್ಟಿರಬಹುದು? ಕಾರಣದ ಅಂಕಣದಲ್ಲಿ 'ವೈಯಕ್ತಿಕ' ಎಂದು ಬರೆದ ಮೇಲೆ ಯಾವ ಲೆಕ್ಕಕ್ಕೂ ಅವು ಸಿಗುವುದಿಲ್ಲ.

ರಕ್ತಹೀನತೆಯ ಮಾತು ಇಲ್ಲಿ ಒತ್ತಿ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲೂ ಸುಮಾರು ಅರ್ಧದಷ್ಟು ಮಂದಿಗೆ. ಮೊದಲೇ ತಳ ಕಂಡ ಕೊಡದಿಂದ ಈ ವಯಸ್ಸಿನಲ್ಲಿ ಇನ್ನಷ್ಟು ಸೋರಿದರೆ ಉಳಿಯುವುದೇನು?

ಗರ್ಭಕೋಶ ತೆಗೆಸಿದರೆ ಮುಗಿಯಿತೇ?

ಕೂಲಿ ಮಾಡುವ ಹೆಣ್ಣುಮಕ್ಕಳ ವಿಷಯದಲ್ಲಿ ಈ ಮೌನದ ಬೆಲೆ ಬಡ್ತಿಗಿಂತ ದೊಡ್ಡದು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಬಹಳ ಮಂದಿ, ಮೂವತ್ತರ ಆಸುಪಾಸಿನವರೂ ಸೇರಿ, ಗರ್ಭಕೋಶ ತೆಗೆಸಿಕೊಂಡಿದ್ದಾರೆಂಬ ಸುದ್ದಿ 2019ರಲ್ಲಿ ದೇಶವನ್ನೇ ಬೆಚ್ಚಿಬೀಳಿಸಿತು. ಅಲ್ಲಿನ ಸರ್ಕಾರ ವಿಚಾರಣೆಗೆ ಸಮಿತಿ ನೇಮಿಸಬೇಕಾಯಿತು. ಒಂದು ದಿನ ಗದ್ದೆಗೆ ಇಳಿಯದಿದ್ದರೆ ಕೂಲಿ ಹೋಗುವುದಲ್ಲದೆ ದಂಡವನ್ನೂ ತೆರಬೇಕು. ಮುಟ್ಟಿನ ಗೋಜೇ ಬೇಡವೆಂದು ಅವರು ಸಾಲ ಮಾಡಿ ಆಪರೇಷನ್ ಮಾಡಿಸಿಕೊಂಡರು. ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳಿಂದಲೂ 2015ರ ಹೊತ್ತಿಗೆ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ದೂರುಗಳು ಬಂದಿದ್ದವು. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು.

ವಿಜ್ಞಾನದ ದೃಷ್ಟಿಯಿಂದ ಇಲ್ಲೊಂದು ವಿಷಯ ತಿಳಿಯಬೇಕು. ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ, ಹಲವು ವರ್ಷಗಳಲ್ಲಿ ನಿಧಾನವಾಗಿ ಇಳಿಯಬೇಕಾದ ಈಸ್ಟ್ರೋಜನ್ ಒಂದೇ ದಿನದಲ್ಲಿ ಇಳಿಯುತ್ತದೆ. ಮೆಟ್ಟಿಲಿಳಿಯುವುದಕ್ಕೂ ಮಾಳಿಗೆಯಿಂದ ಬೀಳುವುದಕ್ಕೂ ಇರುವಷ್ಟೇ ವ್ಯತ್ಯಾಸ ಇದು. ಮೂವತ್ತೈದಕ್ಕೇ ಝಳ, ನಿದ್ರಾಹೀನತೆ, ಮೂಳೆ ಸವೆತ ಶುರುವಾಗುತ್ತವೆ. ಹೃದಯದ ತೊಂದರೆಯ ಸಂಭವ ಹೆಚ್ಚುತ್ತದೆ. ಅಂಡಾಶಯ ಉಳಿಸಿಕೊಂಡರೂ ಋತುಬಂಧ ಕೆಲವು ವರ್ಷ ಮುಂಚೆ ಬರಬಹುದು. ಗಡ್ಡೆ, ಕ್ಯಾನ್ಸರ್ ಮುಂತಾದ ನಿಜವಾದ ಕಾರಣವಿದ್ದಾಗ ಶಸ್ತ್ರಚಿಕಿತ್ಸೆ ಬೇಕೇ ಬೇಕು. ಆದರೆ ಕೂಲಿ ತಪ್ಪದಿರಲೆಂದು ಮಾಡಿಸುವ ಆಪರೇಷನ್ ಹತ್ತು ವರ್ಷದ ದುಡಿಮೆಯ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ. ಇಂಥ ಸಲಹೆ ಬಂದಾಗ ಇನ್ನೊಬ್ಬ ವೈದ್ಯರನ್ನು ಕೇಳುವುದು ಪ್ರತಿ ಹೆಣ್ಣುಮಗಳ ಹಕ್ಕು.

ಚಿಕಿತ್ಸೆ ಉಂಟೇ?

ಉಂಟು. ಹೊರಗಿನಿಂದ ಈಸ್ಟ್ರೋಜನ್ ಕೊಡುವ ಹಾರ್ಮೋನು ಚಿಕಿತ್ಸೆ ಝಳಕ್ಕೆ ಇಂದಿಗೂ ಅತ್ಯಂತ ಪರಿಣಾಮಕಾರಿ. ಗರ್ಭಕೋಶ ಇರುವವರಿಗೆ ಅದರ ಜೊತೆ ಪ್ರೊಜೆಸ್ಟರಾನ್ ಬಗೆಯ ಔಷಧವೂ ಬೇಕು. 2002ರಲ್ಲಿ ಅಮೆರಿಕದ ದೊಡ್ಡದೊಂದು ಪ್ರಯೋಗದಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ತುಸು ಹೆಚ್ಚಿದ್ದು ಕಂಡು ಪ್ರಯೋಗದ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಲೋಕದಾದ್ಯಂತ ಹೆದರಿಕೆ ಹಬ್ಬಿತು. ಆಮೇಲೆ ಕೂಲಂಕಷವಾಗಿ ನೋಡಿದಾಗ, ಆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸೇ 63 ಎಂಬುದು ಎಲ್ಲರ ಗಮನಕ್ಕೆ ಬಂತು. 60 ದಾಟದ, ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗದ ಆರೋಗ್ಯವಂತ ಮಹಿಳೆಯರಲ್ಲಿ ಅಪಾಯಕ್ಕಿಂತ ಲಾಭವೇ ಸಾಮಾನ್ಯವಾಗಿ ಹೆಚ್ಚು ಎಂಬುದು ಈಗಿನ ತಿಳಿವಳಿಕೆ. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಗಳ ಮೇಲಿನ ಕಟ್ಟುನಿಟ್ಟಿನ ಎಚ್ಚರಿಕೆಯಲ್ಲಿ ಬಹುಪಾಲನ್ನು ತೆಗೆಯುವುದಾಗಿ ಪ್ರಕಟಿಸಿತು. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಇದು ಒಗ್ಗದು. ಹಾರ್ಮೋನಲ್ಲದ ಔಷಧಗಳೂ ಇವೆ. ಮಿದುಳಿನ ಥರ್ಮೋಸ್ಟಾಟಿನ ಮೇಲೆಯೇ ಕೆಲಸ ಮಾಡುವ ಫೆಜೊಲಿನೆಟಂಟ್ ಎಂಬ ಗುಳಿಗೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಯಾರಿಗೆ ಯಾವುದು ಎಂಬುದನ್ನು ಸ್ತ್ರೀರೋಗ ತಜ್ಞರೇ ಹೇಳಬೇಕು, ಔಷಧಿ ಅಂಗಡಿಯವರಲ್ಲ.

ಮೂಳೆಯ ಕಾಳಜಿಗೆ ನಮ್ಮ ರಾಗಿಯೇ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಉಂಟು. ದಿನಾ ಒಂದಿಷ್ಟು ಬಿರುಸು ನಡಿಗೆ, ಬಿಸಿಲು ಮತ್ತು ಹಾಲು ಮೊಸರು ಇದ್ದರೆ ಸವೆತದ ವೇಗ ತಗ್ಗುತ್ತದೆ.

ಎಲ್ಲವನ್ನೂ 'ವಯಸ್ಸಿನ ದೋಷ' ಎಂದು ತಳ್ಳಿಹಾಕುವುದು ಅಪಾಯ. ಒಂದು ವರ್ಷ ಪೂರ್ತಿ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆ ಆಗಿರಬಹುದು. ಎದೆ ನೋವು, ಏದುಸಿರು ಬಂದಾಗಲೂ ತಡ ಮಾಡಬಾರದು. ಥೈರಾಯಿಡ್ ತೊಂದರೆಯೂ ಬೆವರು, ಎದೆ ಬಡಿತ, ಸುಸ್ತು ಉಂಟುಮಾಡುತ್ತದೆ. ಒಂದು ಸಲದ ರಕ್ತ ಪರೀಕ್ಷೆಯಿಂದ ಗೊತ್ತಾಗುವ ಸಂಗತಿ ಇದು. ಇ.ಎಸ್.ಐ. ಸೌಲಭ್ಯವಿರುವ ಕಾರ್ಮಿಕ ಮಹಿಳೆಯರು ಅದರ ಆಸ್ಪತ್ರೆಗಳನ್ನು ಬಳಸಿಕೊಳ್ಳಬೇಕು. ವೈದ್ಯರ ಪ್ರಮಾಣಪತ್ರವಿದ್ದರೆ ಅನಾರೋಗ್ಯದ ದಿನಗಳಿಗೆ ಕೂಲಿಯ ನೂರಕ್ಕೆ 70ರಷ್ಟು ಭತ್ಯೆ ಪಡೆಯುವ ಅವಕಾಶ ಆ ಯೋಜನೆಯಲ್ಲಿದೆ ಎಂಬುದು ಬಹಳ ಮಂದಿಗೆ ತಿಳಿಯದು.

ಮೇಲಧಿಕಾರಿಗಳು ಏನು ಮಾಡಬಹುದು?

ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಪಾರ್ಲಿಮೆಂಟಿನ ಸಮಿತಿಯವರೆಗೂ ಹೋಯಿತು. ಮುಟ್ಟು ಮತ್ತು ಋತುಬಂಧದ ಬಗ್ಗೆ ಕೆಲಸದ ಸ್ಥಳಗಳು ಹೇಗಿರಬೇಕೆಂದು ಅಲ್ಲಿನ ಮಾನಕ ಸಂಸ್ಥೆ 2023ರಲ್ಲಿ ಒಂದು ಮಾನಕವನ್ನೇ ಹೊರಡಿಸಿತು. ಋತುಬಂಧದ ತೊಂದರೆ ದೀರ್ಘ ಕಾಲದ್ದೂ ತೀವ್ರವಾದದ್ದೂ ಆಗಿದ್ದರೆ ಸಮಾನತೆಯ ಕಾಯ್ದೆಯಡಿ ಅದನ್ನು ಅಂಗವೈಕಲ್ಯವೆಂದು ಪರಿಗಣಿಸಿ ಅನುಕೂಲ ಮಾಡಿಕೊಡಬೇಕಾಗಬಹುದು ಎಂದು 2024ರ ಫೆಬ್ರುವರಿಯಲ್ಲಿ ಅಲ್ಲಿನ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ ಮಾಲೀಕರಿಗೆ ತಿಳಿಹೇಳಿತು.

ಅಷ್ಟು ದೂರ ಹೋಗುವುದೇ ಬೇಡ. ನೆರೆಯ ಕೇರಳದ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರಬೇಕಾಗಿದ್ದ ಹೆಣ್ಣುಮಕ್ಕಳು ಕೋಳಿಕ್ಕೋಡಿನ ಪೆಣ್‌ಕೂಟ್ಟು ಸಂಘಟನೆಯ ಮೂಲಕ ಕೂರುವ ಹಕ್ಕಿಗಾಗಿ ಹೋರಾಡಿದರು. 2018ರಲ್ಲಿ ಕಾನೂನೇ ತಿದ್ದುಪಡಿಯಾಯಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಕೇಳಿದ್ದು ಒಂದು ಸ್ಟೂಲು. ಕೀಲು ನೋವಿನ, ಝಳದ ವಯಸ್ಸಿನವರಿಗೆ ಆ ಸ್ಟೂಲಿನ ಬೆಲೆ ಗೊತ್ತು.

ನಮ್ಮಲ್ಲಿ ಆಗಬೇಕಾದ ಕೆಲಸಗಳೂ ಇಷ್ಟೇ ಸಣ್ಣವು. ಮಹಿಳಾ ಸಿಬ್ಬಂದಿಗೆ ನೀರಿರುವ, ಚಿಲಕ ಸರಿಯಿರುವ ಪ್ರತ್ಯೇಕ ಶೌಚಾಲಯ ಬೇಕು, ಅಲ್ಲಿಗೆ ಹೋಗಲು ಅಪ್ಪಣೆ ಕೇಳಬೇಕಾಗಿರಬಾರದು. ಕುಡಿಯುವ ತಣ್ಣೀರು ಕೈಗೆಟಕುವಂತಿರಲಿ. ಕಿಟಕಿಯ ಬಳಿ ಅಥವಾ ಫ್ಯಾನಿನ ಕೆಳಗೆ ಮೇಜು ಬೇಕೆಂದರೆ ಕಾರಣ ಕೇಳದೆ ಕೊಡಬಹುದು. ಸಮವಸ್ತ್ರ ಕಡ್ಡಾಯವಿರುವಲ್ಲಿ ಪಾಲಿಯೆಸ್ಟರ್ ಬದಲು ಹತ್ತಿ ಬಟ್ಟೆಗೆ ಅವಕಾಶವಿರಲಿ. ನಿಂತು ಮಾಡುವ ಕೆಲಸದ ನಡುವೆ ಕೂರಲು ಆಸನವಿರಲಿ. ಸಮೀಕ್ಷೆ, ತರಬೇತಿ, ಚುನಾವಣೆ ಕೆಲಸಕ್ಕೆ ನೇಮಿಸುವಾಗ ತೀವ್ರ ಸ್ರಾವ, ರಕ್ತಹೀನತೆ ಇರುವವರು ಹೇಳಿಕೊಂಡರೆ ಅದನ್ನು ನೆಪವೆಂದು ತಿಳಿಯದೆ ಹತ್ತಿರದ ಜಾಗ ಕೊಡಬಹುದು. ಮೇಲಧಿಕಾರಿ ಗಂಡಸಾಗಿದ್ದರೆ, ಇಂಥ ವಿಷಯ ಹೇಳಿಕೊಳ್ಳಲು ಹಿರಿಯ ಮಹಿಳೆಯೊಬ್ಬರನ್ನು ಗೊತ್ತುಮಾಡಬಹುದು. ಮುಖ್ಯ ಶಿಕ್ಷಕರಿಗೆ, ಮ್ಯಾನೇಜರುಗಳಿಗೆ, ಸೂಪರ್‌ವೈಸರುಗಳಿಗೆ ಕೊಡುವ ತರಬೇತಿಯಲ್ಲಿ ಒಂದು ಗಂಟೆ ಇದಕ್ಕೆ ಮೀಸಲಿಟ್ಟರೆ ಸಾಕು.

'ಹೀಗೆಲ್ಲ ರಿಯಾಯಿತಿ ಕೊಡುತ್ತಾ ಹೋದರೆ ನಾಳೆ ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ' ಎನ್ನುವವರಿದ್ದಾರೆ. ಇದು ತಳ್ಳಿಹಾಕುವ ಮಾತಲ್ಲ. ಮುಟ್ಟಿನ ರಜೆ ಕಡ್ಡಾಯ ಮಾಡಿದರೆ ಮಹಿಳೆಯರನ್ನು ಕೆಲಸದಿಂದ ದೂರ ಇಡುವ ಅಪಾಯವಿದೆ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಅಭಿಪ್ರಾಯಪಟ್ಟಿತ್ತು. ಆದರೆ ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ರಜೆ ಎಂಬ ಮಾತೇ ಇಲ್ಲ. ನೀರು, ಗಾಳಿ, ಆಸನ, ಶೌಚಾಲಯ ರಿಯಾಯಿತಿಗಳಲ್ಲ. ಮಧುಮೇಹವಿರುವ ಗಂಡಸು ಗುಮಾಸ್ತನಿಗೂ, ಮಂಡಿ ನೋವಿನ ಜವಾನನಿಗೂ ಅವು ಬೇಕಾದವೇ. ಇಪ್ಪತ್ತು ಮೂವತ್ತು ವರ್ಷ ಪಳಗಿದ ಕೈಯೊಂದನ್ನು ಕಳೆದುಕೊಂಡು ಹೊಸಬರಿಗೆ ಕೆಲಸ ಕಲಿಸುವ ಖರ್ಚಿನ ಮುಂದೆ ಒಂದು ಫ್ಯಾನಿನ ಬೆಲೆ ಎಷ್ಟು?

ಗಂಡಸರ ಪಾಲಿನದೂ ಒಂದಿದೆ. ಸ್ಟಾಫ್ ರೂಮಿನಲ್ಲಿ, ಕ್ಯಾಂಟೀನಿನಲ್ಲಿ ಈ ವಯಸ್ಸಿನ ಹೆಂಗಸರ ಸಿಡುಕಿನ ಬಗ್ಗೆ ಹಾರಿಸುವ ನಗೆಚಟಾಕಿಗಳನ್ನು ನಿಲ್ಲಿಸಬೇಕು. ಹಾಗೆಯೇ, ಯಾವ ಹೆಣ್ಣುಮಗಳಾದರೂ ಕೋಪಗೊಂಡರೆ 'ಆ ವಯಸ್ಸು' ಎಂದು ತೀರ್ಮಾನಿಸುವುದೂ ತಪ್ಪು. ಆಕೆಯ ಕೋಪಕ್ಕೆ ನ್ಯಾಯವಾದ ಕಾರಣವೇ ಇರಬಹುದು. ಯಾರೊಬ್ಬರ ದೇಹದ ಸಮಾಚಾರವನ್ನೂ ನಾವಾಗಿ ಕೆದಕಬೇಕಾಗಿಲ್ಲ. ಹೇಳಿಕೊಂಡಾಗ ಕೇಳಿಸಿಕೊಂಡರೆ ಸಾಕು. ಮನೆಯಲ್ಲಿ ರಾತ್ರಿ ನಿದ್ದೆಗೆಟ್ಟ ಹೆಂಡತಿ ಬೆಳಿಗ್ಗೆ ಐದಕ್ಕೆದ್ದು ಎರಡು ಡಬ್ಬಿ ಕಟ್ಟಿ ಏಳೂವರೆಯ ಬಸ್ಸು ಹಿಡಿಯಬೇಕಾಗಿದ್ದರೆ, ಒಂದು ಡಬ್ಬಿಯನ್ನಾದರೂ ಗಂಡ ಕಟ್ಟಿದರೆ ಏನೂ ಕಡಿಮೆಯಾಗುವುದಿಲ್ಲ. ಕಚೇರಿಯಲ್ಲಿ ಕಾಣುವ ಆಯಾಸದ ಅರ್ಧ ಮನೆಯಿಂದಲೇ ಹೊರಟಿರುತ್ತದೆ.

ಪ್ರತಿ ವರ್ಷ ಅಕ್ಟೋಬರ್ 18ನ್ನು ವಿಶ್ವ ಋತುಬಂಧ ದಿನವೆಂದು ಆಚರಿಸುತ್ತಾರೆ. ನಮ್ಮ ಶಾಲೆ ಕಚೇರಿಗಳಲ್ಲಿ ಆ ದಿನ ಭಾಷಣ, ಹಾರ ತುರಾಯಿ ಯಾವುದೂ ಬೇಡ. ಮುಖ್ಯಸ್ಥರು ಆ ದಿನವೋ, ಅದಕ್ಕೂ ಕಾಯದೆ ನಾಳೆಯೋ, ತಮ್ಮ ಕಟ್ಟಡವನ್ನು ಒಮ್ಮೆ ಸುತ್ತಿ ಬರಲಿ. ಮಹಿಳೆಯರ ಶೌಚಾಲಯದ ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ನೋಡಲಿ. ಅದರ ಬೀಗದ ಕೈ ಎಲ್ಲಿದೆ, ಯಾರ ಬಳಿ ಕೇಳಿ ಪಡೆಯಬೇಕು ಎಂದು ವಿಚಾರಿಸಲಿ. ಕೆಲಸ ಅಲ್ಲಿಂದ ಶುರುವಾಗಬಹುದು.